ಕೊಂಡಿ ಕೊಟ್ಟರೆ ಫೈಲ್ ತರುವ ಸರ್ವರ್: ದೂರದ ಯುಆರ್‌ಎಲ್‌ನಿಂದ ಅಪ್‌ಲೋಡ್ ಮಾಡಿಸುವ ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗ ಜಿಲ್ಲೆಯ ಶಾಸನಗಳ ಛಾಯಾಚಿತ್ರಗಳನ್ನು ಒಂದೆಡೆ ಸೇರಿಸಬೇಕೆಂದು ಕೆಲವು ಗೆಳೆಯರು ಹೊರಟಾಗ, ಅದಕ್ಕೆ ಬೇಕಾದ ವೆಬ್ ಅಪ್ಲಿಕೇಶನ್ ಬರೆಯುವ ಕೆಲಸ ದಾವಣಗೆರೆಯಲ್ಲಿರುವ ನನ್ನ ಪಾಲಿಗೆ ಬಂತು. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಬಂಡೆಶಾಸನಗಳಿಂದ ಹಿಡಿದು ಚಂದ್ರವಳ್ಳಿಯ ಮಯೂರಶರ್ಮನ ಶಾಸನದವರೆಗೆ ಬಹುಪಾಲು ಚಿತ್ರಗಳು ಆಗಲೇ ಯಾರದೋ ಡ್ರೈವ್‌ನಲ್ಲೋ, ಯಾವುದೋ ತಾಣದಲ್ಲೋ ಇದ್ದವು. ಮೊಳಕಾಲ್ಮೂರಿನ ಒಬ್ಬ ಮೇಷ್ಟ್ರು 40 ಎಂಬಿಯ ಒಂದು ಸ್ಕ್ಯಾನನ್ನು ಮೊದಲು ತಮ್ಮ ಮೊಬೈಲಿಗೆ ಇಳಿಸಿಕೊಂಡು, ಅನಂತರ ನಮ್ಮ ತಾಣಕ್ಕೆ ಏರಿಸಬೇಕಾದರೆ ಅವರ ಡೇಟಾದಲ್ಲಿ 80 ಎಂಬಿ ಖರ್ಚಾಗುತ್ತದೆ. ಏರಿಸುವಾಗ ಸಿಗ್ನಲ್ ಕಡಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅವರು ಕೊಂಡಿಯನ್ನಷ್ಟೇ ಅಂಟಿಸಿ, ಫೈಲನ್ನು ನಮ್ಮ ಸರ್ವರೇ ಹೋಗಿ ತಂದುಕೊಂಡರೆ ಅವರ ಕಡೆಯಿಂದ ಹೋಗುವುದು ಕೆಲವೇ ನೂರು ಬೈಟ್‌ಗಳು. ಈ ಸೌಲಭ್ಯವನ್ನು ಸುರಕ್ಷಿತವಾಗಿ ಕಟ್ಟುವ ಬಗೆಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತೇನೆ. ನೀವು ಪಿಎಚ್‌ಪಿಯಲ್ಲಿ ಬರೆಯುತ್ತಿರಲಿ, ಪೈಥಾನ್‌ನಲ್ಲಿ ಬರೆಯುತ್ತಿರಲಿ, ಹೆಜ್ಜೆಗಳು ಅವೇ.

ಬಳಕೆದಾರರ ಬ್ರೌಸರೇ ಆ ಫೈಲನ್ನು ತಂದು ನಮಗೆ ಕೊಡಲಾರದೇ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಕೊಡಲಾರದು. ಒಂದು ತಾಣದ ಜಾವಾಸ್ಕ್ರಿಪ್ಟ್ ಇನ್ನೊಂದು ತಾಣದ ಫೈಲಿನ ಬೈಟ್‌ಗಳನ್ನು ಓದಬೇಕಾದರೆ, ಆ ಇನ್ನೊಂದು ತಾಣ ತನ್ನ ಉತ್ತರದ ಜೊತೆ ಕಳುಹಿಸುವ ಹೆಡರ್‌ಗಳಲ್ಲಿ ಅದಕ್ಕೆ ಅನುಮತಿ ಕೊಟ್ಟಿರಬೇಕು. ಬಹಳಷ್ಟು ತಾಣಗಳು ಕೊಟ್ಟಿರುವುದಿಲ್ಲ. ಆದ್ದರಿಂದ ಸರ್ವರ್ ಹೋಗಲೇಬೇಕು, ಮತ್ತು ಕಷ್ಟ ಶುರುವಾಗುವುದೂ ಅಲ್ಲೇ. ಸಾಮಾನ್ಯ ಅಪ್‌ಲೋಡ್‌ನಲ್ಲಿ ಬಳಕೆದಾರರು ಫೈಲನ್ನು ನಮ್ಮ ಬಾಗಿಲಿಗೆ ತಂದು ಇಡುತ್ತಾರೆ; ಇಲ್ಲಿ ಗುರುತಿಲ್ಲದವರ ಮಾತು ಕೇಳಿ ನಮ್ಮ ಸರ್ವರ್ ಗುರುತಿಲ್ಲದ ಜಾಗಕ್ಕೆ ಹೊರಡುತ್ತದೆ. ಎಲ್ಲಿಗೆ ಹೊರಟಿದೆ, ಎಷ್ಟು ಹೊತ್ತು ಕಾಯುತ್ತದೆ, ಎಷ್ಟು ದೊಡ್ಡದನ್ನು ತರುತ್ತದೆ, ತಂದದ್ದು ಏನು ಎಂಬುದನ್ನು ಕೊಂಡಿ ಕೊಟ್ಟವರಾಗಲಿ ಆಚೆಯ ಸರ್ವರ್ ಆಗಲಿ ಹೇಳಿದರೆಂದು ಒಪ್ಪದೆ, ಪ್ರತಿಯೊಂದನ್ನೂ ನಾವೇ ಅಳೆದು ನೋಡಬೇಕು.

ಹೆಜ್ಜೆ 1: ಯಾವ ತಾಣಗಳಿಂದ ತರಬೇಕೆಂದು ತೀರ್ಮಾನಿಸಿ

ಕೋಡ್ ಬರೆಯುವ ಮೊದಲೇ ಈ ತೀರ್ಮಾನ ಆಗಬೇಕು. ಜಗತ್ತಿನ ಯಾವ ಕೊಂಡಿಯಾದರೂ ಸರಿ ಎನ್ನುವ ಬದಲು, ನಿಮ್ಮ ಬಳಕೆದಾರರು ನಿಜವಾಗಿ ಬಳಸುವ ನಾಲ್ಕೈದು ತಾಣಗಳ ಪಟ್ಟಿ ಮಾಡಿ, ಅವುಗಳಿಗೆ ಮಾತ್ರ ಅವಕಾಶ ಕೊಡುವುದು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಯುಆರ್‌ಎಲ್‌ನಿಂದ ಅಪ್‌ಲೋಡ್ ಮಾಡುವ ಸೌಲಭ್ಯವಿದ್ದರೂ, ನಿರ್ವಾಹಕರು ಬೇಕೆಂದು ತೆರೆಯುವ ತನಕ ಅದು ಮುಚ್ಚಿಯೇ ಇರುತ್ತದೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಅನುಮತಿಸಿದ ಡೊಮೇನ್‌ಗಳ ಪಟ್ಟಿಯಿಂದ ಮಾತ್ರ ಫೈಲ್ ತರಿಸಬಹುದು. ಅಷ್ಟು ದೊಡ್ಡ ಯೋಜನೆಯೇ ಇಷ್ಟು ಎಚ್ಚರ ವಹಿಸಿರುವಾಗ, ತಿಂಗಳ ಬಾಡಿಗೆಯ ಒಂದೇ ಸರ್ವರ್ ಇಟ್ಟುಕೊಂಡಿರುವ ನಮ್ಮಂಥವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ಪಟ್ಟಿಯೊಡನೆ ಹೋಲಿಸುವಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ವಿಳಾಸ ‘ಚಿತ್ರಾಲಯ.ಭಾರತ’ ಎಂದು ಕೊನೆಗೊಂಡರೆ ಸಾಕು ಎಂದು ಬರೆದ ಕೋಡ್ ‘ಕಳ್ಳಚಿತ್ರಾಲಯ.ಭಾರತ’ವನ್ನೂ ಒಳಗೆ ಬಿಡುತ್ತದೆ. ಹೆಸರು ಪೂರ್ತಿ ಒಂದೇ ಆಗಿರಬೇಕು, ಇಲ್ಲವೇ ಪಟ್ಟಿಯಲ್ಲಿರುವ ಹೆಸರಿಗೆ ಮುಂಚೆ ಚುಕ್ಕಿ ಇರಬೇಕು. ಕನ್ನಡ ಲಿಪಿಯ ಡೊಮೇನ್‌ಗಳು, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಹೋಗುವಾಗ, ಇಂಗ್ಲಿಷ್ ಅಕ್ಷರ-ಅಂಕಿಗಳ ಪ್ಯೂನಿಕೋಡ್ ರೂಪ ತಾಳುತ್ತವೆಯಾದ್ದರಿಂದ, ಎರಡನ್ನೂ ಆ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕು. ಈ ಸೌಲಭ್ಯವನ್ನು ಲಾಗಿನ್ ಆದವರಿಗೆ ಮಾತ್ರ ಕೊಡಿ. ಒಬ್ಬರು ಗಂಟೆಗೆ ಇಷ್ಟೇ ಕೊಂಡಿ ಎಂಬ ಮಿತಿಯನ್ನೂ ಇಡಿ. ಇಲ್ಲದಿದ್ದರೆ ಮೂರನೆಯವರ ಸರ್ವರ್ ಮೇಲೆ ಕೋರಿಕೆಗಳ ಮಳೆಗರೆಯಲು ನಿಮ್ಮ ಸರ್ವರನ್ನೇ ಯಾರಾದರೂ ಬಳಸಿಕೊಳ್ಳಬಹುದು, ಮತ್ತು ದೂರು ಬರುವುದು ನಿಮ್ಮ ವಿಳಾಸಕ್ಕೆ.

ಹೆಜ್ಜೆ 2: ಅಂಟಿಸಿದ ವಿಳಾಸವನ್ನು ಓದಿ

ವಿಳಾಸವನ್ನು ನೀವೇ ಬರೆದ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಬಿಡಿಸಬೇಡಿ. ಪ್ರತಿ ಭಾಷೆಯಲ್ಲೂ ಅದಕ್ಕೆಂದೇ ಪಾರ್ಸರ್ ಇರುತ್ತದೆ. ಅದನ್ನು ಬಳಸಿ, ಬಿಡಿಸಿದ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ. ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಯಾವ ಪ್ರೋಟೋಕಾಲನ್ನೂ ಒಪ್ಪಬೇಡಿ. ಸರ್ವರ್‌ನ ಡಿಸ್ಕಿನಲ್ಲಿರುವ ಫೈಲನ್ನೇ ಓದಿಸುವ ‘ಫೈಲ್’ ಪ್ರೋಟೋಕಾಲ್, ಕೊಂಡಿಯಿಂದ ಫೈಲ್ ತರಲು ಬಳಸುವ ಕರ್ಲ್‌ನಂತಹ ಲೈಬ್ರರಿಗೆ ಗೊತ್ತು. ಯಾವ ಪೋರ್ಟಿಗಾದರೂ ಬೇಕಾದ ಬೈಟ್‌ಗಳನ್ನು ಕಳುಹಿಸಬಲ್ಲ ‘ಗೋಫರ್’ ಕೂಡ ಗೊತ್ತು. ಪೋರ್ಟ್ 80 ಮತ್ತು 443 ಸಾಕು. ವಿಳಾಸದೊಳಗೆ ಬಳಕೆದಾರ ಹೆಸರು, ಪಾಸ್‌ವರ್ಡ್ ಸೇರಿಸಿದ್ದರೆ ತಿರಸ್ಕರಿಸಿ; ‘@’ ಚಿಹ್ನೆಯ ಮುಂಚೆ ನಂಬಿಕಸ್ಥ ತಾಣದ ಹೆಸರನ್ನು, ನಂತರ ಕಳ್ಳ ತಾಣದ ಹೆಸರನ್ನು ಇಟ್ಟು ಕಣ್ಣಿಗೆ ಮಣ್ಣೆರಚುವುದು ಹಳೆಯ ಉಪಾಯ.

ನಮ್ಮ ಬಳಕೆದಾರರು ಕೊಂಡಿಯನ್ನು ವಾಟ್ಸ್‌ಆ್ಯಪ್‌ನಿಂದ ತೆಗೆದು ಅಂಟಿಸುವಾಗ ಹಿಂದೆ ಮುಂದೆ ಖಾಲಿ ಜಾಗ, ಕೆಲವೊಮ್ಮೆ ‘ಸರ್, ಇದು ನೋಡಿ’ ಎಂಬ ಮಾತೂ ಸೇರಿ ಬರುತ್ತದೆ. ತುದಿಗಳಲ್ಲಿರುವ ಖಾಲಿ ಜಾಗವನ್ನು ತೆಗೆಯಿರಿ. ಆದರೆ ನಡುವೆ ಇರುವ, ಕಣ್ಣಿಗೆ ಕಾಣದ ಅಕ್ಷರಗಳನ್ನು ಒಟ್ಟಾರೆ ಅಳಿಸಿಹಾಕುವ ಕೋಡನ್ನು ಎಲ್ಲಿಂದಲೋ ತಂದು ಸೇರಿಸಬೇಡಿ. ‘ಫೋಟೋಸ್‌ಗಳು’ ಎಂದು ಬರೆಯುವಾಗ ಸಕಾರವೂ ಗಕಾರವೂ ಒತ್ತಕ್ಷರವಾಗಿ ಅಂಟದಂತೆ ತಡೆಯುವುದು ಅಂತಹ ಕಾಣದ ಅಕ್ಷರವೇ. ಕನ್ನಡ ಹೆಸರಿನ ಫೈಲ್‌ಗಳಲ್ಲಿ ಅದು ಹೆಸರಿನ ಭಾಗ. ಅದನ್ನು ಕಿತ್ತರೆ ವಿಳಾಸವೇ ಬದಲಾಗಿ, ಇರುವ ಫೈಲಿಗೆ 404 ಉತ್ತರ ಬರುತ್ತದೆ. ಇನ್ನು ಉದ್ದದ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಯುಆರ್‌ಎಲ್‌ನಲ್ಲಿ ಒಂದೊಂದು ಬೈಟೂ 3 ಅಕ್ಷರವಾಗುತ್ತದೆ. ‘ದಾವಣಗೆರೆ’ ಎಂಬಲ್ಲಿ ಸ್ವರಚಿಹ್ನೆಗಳೂ ಸೇರಿ 8 ಸಂಕೇತಗಳಿವೆ. ಅಂದರೆ 24 ಬೈಟ್, ಯುಆರ್‌ಎಲ್‌ನಲ್ಲಿ 72 ಅಕ್ಷರ. ಆದ್ದರಿಂದ ಡೇಟಾಬೇಸ್‌ನಲ್ಲಿ ಕೊಂಡಿಗೆ 255 ಅಕ್ಷರಗಳ ಕಾಲಂ ಇಟ್ಟರೆ ಕನ್ನಡಿಗರಿಗೆ ಅದು ಬೇಗನೆ ಸಾಲದಾಗುತ್ತದೆ. ನಾನು 2,000ದ ಆಸುಪಾಸಿನಲ್ಲಿ ಇಡುತ್ತೇನೆ.

ಹೆಜ್ಜೆ 3: ವಿಳಾಸ ನಿಜವಾಗಿ ಎಲ್ಲಿಗೆ ಹೋಗುತ್ತದೆ?

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗವನ್ನು ಎರಡು ಸಲ ಓದುವುದಾದರೆ ಇದನ್ನು ಓದಿ. ನಿಮ್ಮ ಸರ್ವರ್ ನಿಂತಿರುವ ಜಾಲದೊಳಗೆ ಹೊರಗಿನವರಿಗೆ ಕಾಣದ ಎಷ್ಟೋ ಸೇವೆಗಳಿರುತ್ತವೆ: ಡೇಟಾಬೇಸ್, ಮಾಹಿತಿಯನ್ನು ಮೆಮೊರಿಯಲ್ಲಿಡುವ ರೆಡಿಸ್, ನಿರ್ವಾಹಕರ ಪುಟ. ಫೈರ್‌ವಾಲ್ ಇರುವುದರಿಂದ ಹೊರಗಿನವರು ಅವುಗಳನ್ನು ಮುಟ್ಟಲಾರರು. ಆದರೆ ಕೊಂಡಿಯ ಜಾಗದಲ್ಲಿ, ಸರ್ವರ್ ತನ್ನನ್ನೇ ಕರೆದುಕೊಳ್ಳುವ ವಿಳಾಸವಾದ 127.0.0.1 ಎಂದು ಬರೆದರೆ, ಒಳಗೇ ಇರುವ ನಿಮ್ಮ ಸರ್ವರ್ ಅವರ ಪರವಾಗಿ ಹೋಗಿ ಅದನ್ನು ತಂದುಕೊಡುತ್ತದೆ. ಸರ್ವರ್‌ನ ಕೈಯಲ್ಲೇ ಕೋರಿಕೆ ಕಳುಹಿಸಿಸುವ ಈ ದಾಳಿಗೆ ಎಸ್‌ಎಸ್‌ಆರ್‌ಎಫ್ ಎಂದು ಹೆಸರು. ವೆಬ್ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯು 2021ರಲ್ಲಿ ಹೊರತಂದ ವೆಬ್ ಅಪಾಯಗಳ ಮೊದಲ ಹತ್ತರ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ, ಹತ್ತನೆಯದನ್ನು, ಕೊಟ್ಟಿತು.

ಕ್ಲೌಡ್ ಸರ್ವರ್‌ಗಳಲ್ಲಿ ಅಪಾಯ ಇನ್ನೂ ಹೆಚ್ಚು. 169.254.169.254 ಎಂಬ ವಿಳಾಸದಲ್ಲಿ ಸರ್ವರ್‌ಗೆ ತನ್ನ ಬಗ್ಗೆ ತಾನೇ ಕೇಳಿ ತಿಳಿಯುವ ಮೆಟಾಡೇಟಾ ಸೇವೆ ಇರುತ್ತದೆ, ಮತ್ತು ಅಲ್ಲಿ ತಾತ್ಕಾಲಿಕ ಪ್ರವೇಶ ಕೀಲಿಗಳೂ ಸಿಗುತ್ತವೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಲ್ಲಿನ ಸುಮಾರು 10 ಕೋಟಿ ಜನರ ಹಾಗೂ ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಸೋರಿದ್ದು ಇಂತಹ ದಾರಿಯಲ್ಲೇ: ಸರಿಯಾಗಿ ಹೊಂದಿಸದ ಒಂದು ಫೈರ್‌ವಾಲ್ ಮೂಲಕ ಮೆಟಾಡೇಟಾ ಸೇವೆಯನ್ನು ತಲುಪಿ, ಅಲ್ಲಿ ಸಿಕ್ಕ ಕೀಲಿಗಳಿಂದ ಸಂಗ್ರಹಾಗಾರವನ್ನು ತೆರೆಯಲಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆಜಾನ್ ತನ್ನ ಮೆಟಾಡೇಟಾ ಸೇವೆಯ ಎರಡನೆಯ ಆವೃತ್ತಿಯನ್ನು ತಂದಿತು. ಅದರಲ್ಲಿ ಮೊದಲು ಪುಟ್ ಕೋರಿಕೆಯಿಂದ ಟೋಕನ್ ಪಡೆಯದೆ ಯಾವ ಉತ್ತರವೂ ಸಿಗುವುದಿಲ್ಲ. ನೀವು ಅಮೆಜಾನ್‌ನಲ್ಲಿದ್ದರೆ ಆ ಆವೃತ್ತಿಯನ್ನೇ ಕಡ್ಡಾಯ ಮಾಡಿ.

ಕೋಡಿನಲ್ಲಿ ಮಾಡಬೇಕಾದದ್ದು ಹೀಗೆ. ಹೆಸರನ್ನು ಡಿಎನ್‌ಎಸ್‌ನಲ್ಲಿ ಕೇಳಿ ಐಪಿ ವಿಳಾಸಗಳನ್ನು ಪಡೆಯಿರಿ. ಬಂದ ಪ್ರತಿಯೊಂದು ವಿಳಾಸವೂ ಸಾರ್ವಜನಿಕ ವಿಳಾಸವೇ ಎಂದು ನೋಡಿ. 127ರಿಂದ ಶುರುವಾಗುವವು, 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರವು, 169.254ರವು, 0.0.0.0, ಐಪಿವಿ6ರಲ್ಲಿ ::1 ಹಾಗೂ ಅಲ್ಲಿನ ಖಾಸಗಿ ಮತ್ತು ಲಿಂಕ್-ಲೋಕಲ್ ವ್ಯಾಪ್ತಿಗಳು, ಐಪಿವಿ6ರ ಒಳಗೆ ಐಪಿವಿ4ನ್ನು ಹುದುಗಿಸಿದ ರೂಪಗಳು, ಇವೆಲ್ಲವೂ ನಿಷಿದ್ಧ. ಪಠ್ಯವನ್ನು ನೋಡಿ ತಡೆಯುತ್ತೇನೆಂದು ಹೊರಡಬೇಡಿ. 2130706433 ಎಂದು ಬರೆದರೂ, 0177.0.0.1 ಎಂದು ಬರೆದರೂ ಹಲವು ಲೈಬ್ರರಿಗಳು ಅದನ್ನು 127.0.0.1 ಎಂದೇ ಓದುತ್ತವೆ. ಐಪಿ ವಿಳಾಸವನ್ನು ಸಂಖ್ಯೆಯಾಗಿ ಪರಿವರ್ತಿಸಿ, ಅದು ಯಾವ ವ್ಯಾಪ್ತಿಯಲ್ಲಿದೆಯೆಂದು ನೋಡುವ ಮಾಡ್ಯೂಲ್ ಪೈಥಾನ್‌ನ ಜೊತೆಗೇ ಬರುತ್ತದೆ. ಉಳಿದ ಭಾಷೆಗಳಲ್ಲೂ ಅಂತಹ ಲೈಬ್ರರಿಗಳಿವೆ.

ಇಷ್ಟು ಮಾಡಿದರೂ ಎರಡು ಬಿರುಕುಗಳು ಉಳಿಯುತ್ತವೆ. ಮೊದಲನೆಯದು ಡಿಎನ್‌ಎಸ್‌ನದು. ನೀವು ಪರೀಕ್ಷಿಸಲು ಹೆಸರನ್ನು ಕೇಳಿದಾಗ ಆಚೆಯವರು ಸಾರ್ವಜನಿಕ ವಿಳಾಸವನ್ನು ಕೊಟ್ಟು, ಮರುಕ್ಷಣವೇ ನಿಮ್ಮ ಲೈಬ್ರರಿ ಸಂಪರ್ಕಕ್ಕಾಗಿ ಅದೇ ಹೆಸರನ್ನು ಮತ್ತೆ ಕೇಳಿದಾಗ 127.0.0.1 ಕೊಡಬಹುದು. ಹಾಗಾಗದಿರಲು ಪರೀಕ್ಷಿಸಿದ ಐಪಿ ವಿಳಾಸಕ್ಕೇ ಸಂಪರ್ಕ ಮಾಡಿಸಬೇಕು. ಹೋಸ್ಟ್ ಹೆಡರ್‌ಗೂ ಟಿಎಲ್‌ಎಸ್ ಪ್ರಮಾಣಪತ್ರದ ಪರಿಶೀಲನೆಗೂ ಮಾತ್ರ ಮೂಲ ಹೆಸರನ್ನು ಉಳಿಸಬೇಕು. ಕರ್ಲ್‌ನಲ್ಲಿ ಒಂದು ಹೆಸರಿಗೆ ಐಪಿಯನ್ನು ಮೊದಲೇ ಕಟ್ಟಿಕೊಡುವ ‘ರಿಸಾಲ್ವ್’ ಆಯ್ಕೆ ಇರುವುದು ಈ ಕೆಲಸಕ್ಕೆ ಬಹಳ ಅನುಕೂಲ.

ಎರಡನೆಯದು ಮರುನಿರ್ದೇಶನ. ಒಳ್ಳೆಯ ವಿಳಾಸವನ್ನೇ ಕೊಟ್ಟು, ಅಲ್ಲಿಂದ 302 ಎಂಬ ಉತ್ತರದೊಡನೆ ‘ಇಲ್ಲಿಲ್ಲ, 169.254.169.254ಕ್ಕೆ ಹೋಗು’ ಎನ್ನುವುದು ದಾಳಿಕೋರರಿಗೆ ಅತಿ ಸುಲಭ. ಚಿತ್ರದುರ್ಗದ ಕಡೆಯ ಹುಡುಗರಿಗೆ ನಾನು ಇದನ್ನು ಓಬವ್ವನ ಕಿಂಡಿಯ ಮೂಲಕವೇ ಹೇಳುತ್ತೇನೆ. ಏಳು ಸುತ್ತಿನ ಕೋಟೆಯನ್ನು ಒಡೆಯಲಾರದ ಹೈದರಾಲಿಯ ಸೈನಿಕರು ಕಿಂಡಿಯೊಂದನ್ನು ಕಂಡುಕೊಂಡು ಒಬ್ಬೊಬ್ಬರಾಗಿ ತೂರಿದಾಗ, ಓಬವ್ವ ಒನಕೆ ಹಿಡಿದು ನಿಂತು ಬಂದ ಒಬ್ಬೊಬ್ಬನನ್ನೂ ವಿಚಾರಿಸಿಕೊಂಡಳು. ಮೊದಲನೆಯವನನ್ನು ಕೆಡವಿ ಮನೆಗೆ ಹೋಗಲಿಲ್ಲ. ಲೈಬ್ರರಿ ತಾನಾಗಿ ಮರುನಿರ್ದೇಶನವನ್ನು ಹಿಂಬಾಲಿಸದಂತೆ ನಿಲ್ಲಿಸಿ, 301, 302, 303, 307 ಅಥವಾ 308 ಬಂದಾಗಲೆಲ್ಲ ಲೊಕೇಶನ್ ಹೆಡರ್‌ನಲ್ಲಿರುವ ಹೊಸ ವಿಳಾಸವನ್ನು ಎರಡನೆಯ ಹೆಜ್ಜೆಯಿಂದ ಮತ್ತೆ ಪೂರ್ತಿಯಾಗಿ ಪರೀಕ್ಷೆಗೆ ಒಳಪಡಿಸಿ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ತಾನಾಗಿ 30 ಸಲದವರೆಗೆ ಹಿಂಬಾಲಿಸುತ್ತದೆ. ನಿಜವಾದ ಫೈಲ್‌ಗಳಿಗೆ 5 ಸಾಕು.

ಕೈಯಲ್ಲಾದರೆ, ಕೊಂಡಿ ತರುವ ಪ್ರೋಗ್ರಾಮನ್ನು ಒಳಜಾಲಕ್ಕೆ ದಾರಿಯೇ ಇಲ್ಲದ ಬೇರೆ ಯಂತ್ರದಲ್ಲಿ ಓಡಿಸಿ, ಅಥವಾ ಹೊರಹೋಗುವ ಕೋರಿಕೆಗಳೆಲ್ಲ ಒಂದು ಪ್ರಾಕ್ಸಿಯ, ಅಂದರೆ ಮಧ್ಯವರ್ತಿ ಸರ್ವರ್‌ನ, ಮೂಲಕವೇ ಹೋಗುವಂತೆ ಮಾಡಿ. ಸ್ಟ್ರೈಪ್ ಕಂಪನಿ ಇದಕ್ಕೆಂದೇ ಬರೆದು ಮುಕ್ತವಾಗಿ ಹಂಚಿರುವ ‘ಸ್ಮೋಕ್‌ಸ್ಕ್ರೀನ್’ ಎಂಬ ಪ್ರಾಕ್ಸಿ ಒಳಜಾಲದ ವಿಳಾಸಗಳಿಗೆ ಹೋಗುವ ಸಂಪರ್ಕವನ್ನು ತಾನೇ ನಿರಾಕರಿಸುತ್ತದೆ. ಕೋಡಿನಲ್ಲಿ ನಾವು ಮರೆತದ್ದನ್ನು ಜಾಲ ಹಿಡಿಯುತ್ತದೆ.

ಹೆಜ್ಜೆ 4: ಕೆಲಸವನ್ನು ಸರದಿಗೆ ಹಾಕಿ

ಬಳಕೆದಾರರು ಗುಂಡಿ ಒತ್ತಿದ ಕೋರಿಕೆಯೊಳಗೇ ಫೈಲನ್ನು ಇಳಿಸಲು ಕೂರಬಾರದು. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತನ್ನ ಹಿಂದಿನ ಅಪ್ಲಿಕೇಶನ್‌ಗಾಗಿ ಸಾಮಾನ್ಯವಾಗಿ 60 ಸೆಕೆಂಡ್ ಕಾಯ್ದು 504 ಎಂದು ಹೇಳಿಬಿಡುತ್ತದೆ; ಹತ್ತು ಜನ ಒಟ್ಟಿಗೆ ದೊಡ್ಡ ಫೈಲ್ ಕೇಳಿದರೆ ತಾಣವೇ ನಿಂತುಹೋಗುತ್ತದೆ. ವಿಳಾಸವನ್ನು ಪರೀಕ್ಷಿಸಿ, ಡೇಟಾಬೇಸ್‌ನಲ್ಲಿ ‘ಕಾಯುತ್ತಿದೆ’ ಎಂಬ ಸ್ಥಿತಿಯೊಡನೆ ಒಂದು ಸಾಲು ಬರೆದು, 202 ಎಂಬ ಉತ್ತರವನ್ನೂ ಒಂದು ಗುರುತಿನ ಸಂಖ್ಯೆಯನ್ನೂ ಕೂಡಲೇ ಕೊಟ್ಟುಬಿಡಿ. ಸೆಲೆರಿ, ಸೈಡ್‌ಕಿಕ್, ಲಾರಾವೆಲ್‌ನ ಕ್ಯೂ, ಹೀಗೆ ಸರದಿ ನಡೆಸುವ ಯಾವುದಾದರೂ ಒಂದು ತಂತ್ರಾಂಶ ಫೈಲನ್ನು ಹಿನ್ನೆಲೆಯಲ್ಲಿ ಇಳಿಸಲಿ. ಪುಟವು ಎರಡು ಮೂರು ಸೆಕೆಂಡಿಗೊಮ್ಮೆ ಸ್ಥಿತಿಯನ್ನು ಕೇಳಲಿ. ಕೆಲಸಕ್ಕೆ ಹೊರಡುವ ಮುನ್ನ ಮೂರನೆಯ ಹೆಜ್ಜೆಯ ಪರೀಕ್ಷೆ ಮತ್ತೊಮ್ಮೆ ಆಗಬೇಕು, ಏಕೆಂದರೆ ಸರದಿಯಲ್ಲಿ ಕಾದಷ್ಟು ಹೊತ್ತಿನಲ್ಲಿ ಡಿಎನ್‌ಎಸ್ ಬದಲಾಗಿರಬಹುದು.

ಕಾಯುವ ಅವಧಿಯ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ರಿಕ್ವೆಸ್ಟ್ಸ್ ಲೈಬ್ರರಿಗೆ ನೀವಾಗಿ ಹೇಳದಿದ್ದರೆ ಸಮಯದ ಮಿತಿಯೇ ಇರುವುದಿಲ್ಲ. ಹೇಳಿದರೂ ಆ ಮಿತಿ ಅನ್ವಯಿಸುವುದು ಸಂಪರ್ಕಕ್ಕೆ ಮತ್ತು ಎರಡು ಓದುಗಳ ನಡುವಿನ ಅಂತರಕ್ಕೆ ಮಾತ್ರ, ಇಡೀ ಡೌನ್‌ಲೋಡಿಗೆ ಅಲ್ಲ. ಮಿತಿ 30 ಸೆಕೆಂಡ್ ಇದ್ದರೆ, 20 ಸೆಕೆಂಡಿಗೊಂದು ಬೈಟ್ ಕಳುಹಿಸುವ ಸರ್ವರ್ ಹಿನ್ನೆಲೆಯಲ್ಲಿ ಇಳಿಸುವ ನಿಮ್ಮ ಪ್ರೋಗ್ರಾಮನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳಬಲ್ಲದು. ಪಿಎಚ್‌ಪಿಯಲ್ಲೂ ಸ್ಕ್ರಿಪ್ಟ್ ಓಡುವ ಗರಿಷ್ಠ ಅವಧಿಯ ಲೆಕ್ಕಕ್ಕೆ ಲಿನಕ್ಸ್‌ನಲ್ಲಿ ಜಾಲದಿಂದ ಓದಲು ಕಾಯುವ ಸಮಯ ಸೇರುವುದಿಲ್ಲ. ಆದ್ದರಿಂದ ಆರಂಭದ ಸಮಯವನ್ನು ನೀವೇ ಬರೆದಿಟ್ಟುಕೊಂಡು, ಪ್ರತಿ ತುಣುಕು ಬಂದಾಗಲೂ ಒಟ್ಟು ಎಷ್ಟು ಸಮಯವಾಯಿತೆಂದು ನೋಡಿ, ಮೀರಿದರೆ ಸಂಪರ್ಕವನ್ನು ಕಡಿಯಬೇಕು.

404 ಅಥವಾ 403 ಬಂದರೆ ಮತ್ತೆ ಪ್ರಯತ್ನಿಸುವುದರಲ್ಲಿ ಅರ್ಥವಿಲ್ಲ. 429 ಮತ್ತು 503 ಬಂದರೆ, ‘ಇಷ್ಟು ಹೊತ್ತು ಬಿಟ್ಟು ಬಾ’ ಎಂದು ಆಚೆಯ ಸರ್ವರ್ ಹೆಡರ್‌ನಲ್ಲಿ ಹೇಳಿದ್ದರೆ ಅದನ್ನು ಪಾಲಿಸಿ. ಹೇಳದಿದ್ದರೆ ಪ್ರತಿ ಸಲ ಅಂತರವನ್ನು ಇಮ್ಮಡಿ ಮಾಡುತ್ತ ಮೂರು ಸಲಕ್ಕೆ ನಿಲ್ಲಿಸಿ. ಕೋರಿಕೆಯ ಯೂಸರ್-ಏಜೆಂಟ್ ಹೆಡರ್‌ನಲ್ಲಿ ನಿಮ್ಮ ಅಪ್ಲಿಕೇಶನ್ನಿನ ಹೆಸರನ್ನೂ ಸಂಪರ್ಕ ವಿಳಾಸವನ್ನೂ ಬರೆಯಿರಿ. ವಿಕಿಮೀಡಿಯದ ಸರ್ವರ್‌ಗಳು ಇದನ್ನು ನಿಯಮವಾಗಿಯೇ ಕೇಳುತ್ತವೆ, ಮತ್ತು ಹೆಸರು ಹೇಳದೆ ಹೋದವರನ್ನು ತಡೆಯಬಹುದು.

ಹೆಜ್ಜೆ 5: ತುಣುಕು ತುಣುಕಾಗಿ ಇಳಿಸಿ, ಅಳೆಯುತ್ತಲೇ ಇರಿ

ಪಿಎಚ್‌ಪಿ ಬಳಸುವವರು ‘ನಮ್ಮಲ್ಲಿ ಅಪ್‌ಲೋಡ್ ಮಿತಿ ಇದ್ದೇ ಇದೆಯಲ್ಲ’ ಎಂದುಕೊಳ್ಳುವುದುಂಟು. ಆ ಮಿತಿ, ಅಂದರೆ ಬದಲಾಯಿಸದಿದ್ದರೆ 2 ಎಂಬಿ, ಬ್ರೌಸರ್‌ನಿಂದ ಬರುವ ಫೈಲಿಗೆ ಮಾತ್ರ. ಎನ್‌ಜಿನ್‌ಎಕ್ಸ್‌ನ 1 ಎಂಬಿ ಮಿತಿಯೂ ಹಾಗೆಯೇ. ನಿಮ್ಮ ಕೋಡೇ ಹೊರಗೆ ಹೋಗಿ ತರುವಾಗ ಈ ಎರಡೂ ಕಾವಲುಗಾರರು ದಾರಿಯಲ್ಲೇ ಇರುವುದಿಲ್ಲ.

ಕಂಟೆಂಟ್-ಲೆಂಗ್ತ್ ಹೆಡರನ್ನು ನೋಡಿ, ಮಿತಿಗಿಂತ ದೊಡ್ಡದಿದ್ದರೆ ಅಲ್ಲೇ ನಿಲ್ಲಿಸಿ. ಆದರೆ ಅದು ಚಿಕ್ಕದಿದೆಯೆಂದು ನಿಶ್ಚಿಂತರಾಗಬೇಡಿ. ತುಣುಕುಗಳಾಗಿ ಕಳುಹಿಸುವ ಸರ್ವರ್‌ಗಳು ಆ ಹೆಡರನ್ನೇ ಕೊಡುವುದಿಲ್ಲ. ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳದ ಲಾರಿ ಬಂದಾಗ ಚೀಟಿಯಲ್ಲಿ ಬರೆದ ತೂಕವನ್ನು ನಂಬಿ ಯಾರೂ ಹಣ ಎಣಿಸುವುದಿಲ್ಲ. ಲಾರಿಯನ್ನು ವೇಬ್ರಿಡ್ಜ್ ಹತ್ತಿಸಿಯೇ ಎಣಿಸುತ್ತಾರೆ. ಇಲ್ಲೂ 64 ಕೆಬಿಯಷ್ಟು ತುಣುಕನ್ನು ಓದಿ, ತಾತ್ಕಾಲಿಕ ಫೈಲಿಗೆ ಬರೆದು, ಒಟ್ಟು ಬೈಟ್‌ಗಳನ್ನು ಕೂಡುತ್ತ ಹೋಗಿ. ಮಿತಿ ದಾಟಿದ ಕ್ಷಣವೇ ಕಡಿದು, ತಾತ್ಕಾಲಿಕ ಫೈಲನ್ನು ಅಳಿಸಿ. ಇಡೀ ಉತ್ತರವನ್ನು ಒಂದೇ ಸಲ ಮೆಮೊರಿಗೆ ಓದಿಕೊಳ್ಳುವ ಸುಲಭದ ಸಾಲು ಎಲ್ಲ ಭಾಷೆಗಳಲ್ಲೂ ಇದೆ, ಪಾಠಗಳಲ್ಲೆಲ್ಲ ಅದೇ ಇರುತ್ತದೆ. 1 ಜಿಬಿ ಮೆಮೊರಿಯ ಸರ್ವರನ್ನು ಮಲಗಿಸಲು ಆ ಒಂದು ಸಾಲು ಸಾಕು.

ಜಿಜಿಪ್ ವಿಧಾನದಲ್ಲಿ ಸಂಕುಚಿತವಾಗಿ ಬರುವ ಉತ್ತರವನ್ನು ಲೈಬ್ರರಿ ತಾನೇ ಬಿಚ್ಚುತ್ತದೆ. ಕೆಲವು ಕೆಬಿಗಳು ಬಿಚ್ಚಿದಾಗ ಹಲವು ಎಂಬಿಗಳಾಗಬಹುದು. ಎಣಿಸಬೇಕಾದದ್ದು ಬಿಚ್ಚಿದ ಬೈಟ್‌ಗಳನ್ನು. ಇನ್ನೂ ಸರಳವಾಗಿ, ಸಂಕುಚಿತ ರೂಪ ಬೇಡವೆಂದು ಕೋರಿಕೆಯಲ್ಲೇ ಹೇಳಿ; ಛಾಯಾಚಿತ್ರಗಳಿಗೆ ಅದರಿಂದ ಲಾಭವೂ ಇಲ್ಲ. ಇಳಿಸುತ್ತಿರುವಾಗಲೇ ಫೈಲಿನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಮೊತ್ತವನ್ನೂ ಲೆಕ್ಕ ಹಾಕಿಕೊಂಡರೆ, ಒಂದೇ ಚಿತ್ರವನ್ನು ಇಬ್ಬರು ಬೇರೆ ಬೇರೆ ಕೊಂಡಿಯಿಂದ ಕೊಟ್ಟಾಗ ಕೂಡಲೇ ಗೊತ್ತಾಗುತ್ತದೆ.

ಹೆಜ್ಜೆ 6: ಬಂದದ್ದು ಚಿತ್ರವೇ ಎಂದು ಬೈಟ್‌ಗಳನ್ನೇ ಕೇಳಿ

ನಮ್ಮ ಅಪ್ಲಿಕೇಶನ್ನಿನ ಮೊದಲ ವಾರ ನಡೆದದ್ದನ್ನು ಹೇಳಲೇಬೇಕು. ಹಲವು ಚಿತ್ರಗಳು ‘ಯಶಸ್ವಿಯಾಗಿ ಸೇರಿವೆ’ ಎಂದು ತೋರಿಸುತ್ತಿದ್ದವು, ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದೂ ಇತ್ತು, ಆದರೆ ತೆರೆದರೆ ಏನೂ ಕಾಣುತ್ತಿರಲಿಲ್ಲ. ಒಳಗೆ ನೋಡಿದಾಗ ಎಲ್ಲವೂ ಎಚ್‌ಟಿಎಂಎಲ್ ಪುಟಗಳು: ಹಂಚಿಕೆ ತಾಣವೊಂದು ಲಾಗಿನ್ ಪುಟವನ್ನು 200 ಎಂಬ ಉತ್ತರದೊಡನೆ ಕಳುಹಿಸಿತ್ತು, ನಾನು ಬರೆದ ಕೋಡ್ 200 ಕಂಡರೆ ಸಾಕೆಂದು ಉಳಿಸಿಕೊಂಡಿತ್ತು. ಅಷ್ಟೂ ಜನರಿಗೆ ಮತ್ತೆ ಕರೆ ಮಾಡಿ ಕೊಂಡಿ ಕೇಳಬೇಕಾಯಿತು. ಒಂದಿಬ್ಬರು ಆಗಲೇ ಮೂಲ ಫೈಲನ್ನು ಅಳಿಸಿದ್ದರು. ಆ ನಷ್ಟ ನನಗೆ ಇಂದಿಗೂ ನೋವಿನ ಸಂಗತಿ.

ಡ್ರೈವ್‌ನ ಹಂಚಿಕೆ ಕೊಂಡಿ ಫೈಲಿನ ಕೊಂಡಿಯಲ್ಲ, ಫೈಲನ್ನು ತೋರಿಸುವ ಪುಟದ ಕೊಂಡಿ. ಡ್ರಾಪ್‌ಬಾಕ್ಸ್ ಕೊಂಡಿಯ ಕೊನೆಯಲ್ಲಿರುವ ‘ಡಿಎಲ್’ ಎಂಬುದರ ಬೆಲೆಯನ್ನು 0ಯಿಂದ 1ಕ್ಕೆ ಬದಲಾಯಿಸಿದರೆ ಫೈಲ್ ನೇರವಾಗಿ ಸಿಗುತ್ತದೆ. ಗೂಗಲ್ ಡ್ರೈವ್‌ನಲ್ಲಿ ದೊಡ್ಡ ಫೈಲ್‌ಗಳಿಗೆ ‘ವೈರಸ್ ಪರೀಕ್ಷೆ ಮಾಡಲಾಗಲಿಲ್ಲ’ ಎಂಬ ಪುಟ ನಡುವೆ ಬರುವುದರಿಂದ, ಅದರ ಅಧಿಕೃತ ಎಪಿಐ ಮೂಲಕ ತರುವುದೇ ಸರಿಯಾದ ದಾರಿ.

ಯಾವ ತಾಣವಾದರೂ ಪರೀಕ್ಷೆ ಒಂದೇ. ಹೆಸರಿನ ಬಾಲವನ್ನೂ ಕಂಟೆಂಟ್-ಟೈಪ್ ಹೆಡರನ್ನೂ ಸುಳಿವೆಂದು ಮಾತ್ರ ಎಣಿಸಿ, ಫೈಲಿನ ಮೊದಲ ಬೈಟ್‌ಗಳನ್ನು ಓದಿ. ದಶಮಾಂಶದಲ್ಲಿ ಹೇಳುವುದಾದರೆ ಜೆಪೆಗ್ 255, 216, 255 ಎಂದು ಶುರುವಾಗುತ್ತದೆ. ಪಿಎನ್‌ಜಿ 137, 80, 78, 71, 13, 10, 26, 10 ಎಂದು. ಪಿಡಿಎಫ್ 37, 80, 68, 70 ಎಂದು. ಇದಾದ ಮೇಲೆ ಚಿತ್ರವನ್ನು ಲೈಬ್ರರಿಯಿಂದ ನಿಜವಾಗಿ ತೆರೆದೇ ನೋಡಬೇಕು, ಏಕೆಂದರೆ ಮೊದಲ ಎಂಟು ಬೈಟ್ ಸರಿಯಿದ್ದು ಉಳಿದದ್ದು ಬೇರೇನೋ ಆಗಿರಬಹುದು. ತೆರೆಯುವ ಮುನ್ನ ಅಗಲ ಎತ್ತರಗಳ ಗುಣಲಬ್ಧಕ್ಕೆ ಮಿತಿ ಇಡಿ. ಪುಟ್ಟ ಪಿಎನ್‌ಜಿಯೊಳಗೆ ಮೆಮೊರಿ ನುಂಗುವಷ್ಟು ಪಿಕ್ಸೆಲ್‌ಗಳಿರಬಹುದು. ಪೈಥಾನ್‌ನ ಚಿತ್ರ ಲೈಬ್ರರಿಯಾದ ಪಿಲ್ಲೊ ಸುಮಾರು 8.9 ಕೋಟಿ ಪಿಕ್ಸೆಲ್ ದಾಟಿದರೆ ಎಚ್ಚರಿಸುತ್ತದೆ, ಅದರ ಎರಡರಷ್ಟು ದಾಟಿದರೆ ತೆರೆಯಲು ನಿರಾಕರಿಸುತ್ತದೆ. ಎಸ್‌ವಿಜಿಯೊಳಗೆ ಸ್ಕ್ರಿಪ್ಟ್ ಇರಬಹುದಾದ್ದರಿಂದ ಅದನ್ನು ನಾನು ಒಪ್ಪುವುದೇ ಇಲ್ಲ.

ಬಹಳ ಮಾರ್ಗದರ್ಶಿಗಳು ಚಿತ್ರವನ್ನು ಮರು-ಎನ್‌ಕೋಡ್ ಮಾಡಿ ಮೂಲವನ್ನು ಎಸೆಯಿರಿ ಎನ್ನುತ್ತವೆ. ಪ್ರೊಫೈಲ್ ಫೋಟೋಗಳಿಗೆ ಅದು ಸರಿ. ಶಾಸನದ ಚಿತ್ರದಲ್ಲಿ ಸವೆದ ಒಂದು ಗೀರು ಅಕ್ಷರವೋ ಬಿರುಕೋ ಎಂಬುದು ಆ ಸೂಕ್ಷ್ಮ ವಿವರದ ಮೇಲೆಯೇ ನಿಂತಿರುವುದರಿಂದ, ನಾವು ಮೂಲವನ್ನು ಯಾರಿಗೂ ನೇರವಾಗಿ ಸಿಗದ ಕಡೆ ಹಾಗೆಯೇ ಇಟ್ಟು, ಓದುಗರಿಗೆ ಮರು-ಎನ್‌ಕೋಡ್ ಮಾಡಿದ ಪ್ರತಿಯನ್ನು ತೋರಿಸುತ್ತೇವೆ. ಆ ಪ್ರತಿಯಿಂದ ಜಿಪಿಎಸ್ ಮಾಹಿತಿಯನ್ನು ತೆಗೆದುಬಿಡುತ್ತೇವೆ. ತೋಟದಲ್ಲಿ, ಮನೆಯಂಗಳದಲ್ಲಿ ಇರುವ ವೀರಗಲ್ಲುಗಳ ಜಾಗ ಎಲ್ಲರಿಗೂ ತಿಳಿಯುವುದು ಮನೆಯವರಿಗೆ ಇಷ್ಟವಿರಲಾರದು.

ಹೆಜ್ಜೆ 7: ಹೆಸರು

ಡಿಸ್ಕಿನ ಮೇಲೆ ಹೊರಗಿನಿಂದ ಬಂದ ಹೆಸರನ್ನು ಎಂದೂ ಬಳಸಬೇಡಿ. ಅದರಲ್ಲಿ ಎರಡು ಚುಕ್ಕಿ ಮತ್ತು ಓರೆಗೆರೆ ಸೇರಿಸಿ ಬೇರೆ ಫೋಲ್ಡರಿಗೆ ನುಸುಳುವವರಿದ್ದಾರೆ. ಅದೂ ಅಲ್ಲದೆ ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ ಇರುವುದು 255 ಬೈಟ್. ಕನ್ನಡಕ್ಕೆ ಅದು 85 ಸಂಕೇತಗಳಲ್ಲಿ ಮುಗಿಯುತ್ತದೆ, ‘ಚಿತ್ರದುರ್ಗ’ ಒಂದೇ 10 ಸಂಕೇತಗಳನ್ನು ತಿನ್ನುತ್ತದೆ. ಡಿಸ್ಕಿಗೆ ನೀವೇ ಹುಟ್ಟಿಸಿದ ಹೆಸರು, ಮನುಷ್ಯರಿಗೆ ಕಾಣುವ ಹೆಸರು ಡೇಟಾಬೇಸ್‌ನ ಕಾಲಂನಲ್ಲಿ. ಕಾಣುವ ಹೆಸರನ್ನು ಕಂಟೆಂಟ್-ಡಿಸ್ಪೊಸಿಶನ್ ಹೆಡರ್‌ನಿಂದ ತೆಗೆದುಕೊಳ್ಳಿ. ಅದು ಇಲ್ಲದಿದ್ದರೆ ಯುಆರ್‌ಎಲ್‌ನ ಕೊನೆಯ ಭಾಗವನ್ನು ಬಿಚ್ಚಿ ಬಳಸಿ.

ಉಳಿಸುವ ಮುನ್ನ ಹೆಸರನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. ‘ಕೋಟೆ’ ಎಂಬ ಪದವನ್ನು 4 ಸಂಕೇತಗಳಲ್ಲೂ ಬರೆಯಬಹುದು, ಓತ್ವವನ್ನು ಮೂರು ಚಿಹ್ನೆಗಳಾಗಿ ಬಿಡಿಸಿ 6 ಸಂಕೇತಗಳಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ.

ಹೆಜ್ಜೆ 8: ಉಳಿಸಿ, ಬಡಿಸಿ, ದಾಖಲಿಸಿ

ಎಲ್ಲ ಪರೀಕ್ಷೆ ಮುಗಿದ ಮೇಲೆಯೇ ತಾತ್ಕಾಲಿಕ ಫೈಲನ್ನು ಅದರ ಕೊನೆಯ ಜಾಗಕ್ಕೆ ಸರಿಸಿ. ಎರಡೂ ಒಂದೇ ಫೈಲ್ ಸಿಸ್ಟಮ್ಮಿನಲ್ಲಿದ್ದರೆ ಈ ಹೆಸರು ಬದಲಾವಣೆ ಒಂದೇ ಏಟಿಗೆ ಆಗುತ್ತದೆ, ಅರ್ಧ ಬರೆದ ಫೈಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಫೈಲ್‌ಗಳನ್ನು ಅಪ್ಲಿಕೇಶನ್ನಿನ ಡೊಮೇನ್ ಬಿಟ್ಟು ಬೇರೆ ಡೊಮೇನ್‌ನಿಂದ ಕೊಡಿ, ಮತ್ತು ಬ್ರೌಸರ್ ತಾನಾಗಿ ಪ್ರಕಾರವನ್ನು ಊಹಿಸದಂತೆ ತಡೆಯುವ ‘ನೋಸ್ನಿಫ್’ ಹೆಡರನ್ನು ಸೇರಿಸಿ.

ಮೂಲ ಕೊಂಡಿ, ತಂದ ದಿನಾಂಕ, ಕೊಟ್ಟವರು, ಪರವಾನಗಿ, ಈ ನಾಲ್ಕನ್ನೂ ಪ್ರತಿ ಫೈಲಿನ ಜೊತೆ ಬರೆದಿಡಿ. ಕೊಂಡಿ ಸಿಕ್ಕಿತೆಂದರೆ ಹಕ್ಕು ಸಿಕ್ಕಿತೆಂದಲ್ಲ. ಬಂಡೆಯ ಮೇಲಿನ ಬರಹಕ್ಕೆ ಎರಡು ಸಾವಿರ ವರ್ಷ ದಾಟಿದ್ದರೂ ಅದರ ಛಾಯಾಚಿತ್ರಕ್ಕೆ ಪ್ರತ್ಯೇಕ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ, ಛಾಯಾಗ್ರಾಹಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅದು ಉಳಿಯುತ್ತದೆ. ಕೊಂಡಿ ಅಂಟಿಸುವ ಪೆಟ್ಟಿಗೆಯ ಕೆಳಗೇ ಪರವಾನಗಿಯ ಆಯ್ಕೆ ಇರಲಿ, ಅದನ್ನು ತುಂಬದೆ ಗುಂಡಿ ಒತ್ತಲಾಗದಂತಿರಲಿ.

ವಿಫಲವಾದಾಗ ಏನು ಹೇಳಬೇಕು?

‘ದೋಷ 500’ ಎಂದು ತೋರಿಸಿದರೆ ಮೊಳಕಾಲ್ಮೂರಿನ ಮೇಷ್ಟ್ರಿಗೆ ಏನೂ ತಿಳಿಯುವುದಿಲ್ಲ. ‘ಈ ಕೊಂಡಿಯಲ್ಲಿ ಚಿತ್ರದ ಬದಲು ವೆಬ್ ಪುಟ ಸಿಕ್ಕಿತು. ಹಂಚಿಕೆಯ ಸೆಟ್ಟಿಂಗ್‌ನಲ್ಲಿ, ಕೊಂಡಿ ಇರುವ ಯಾರು ಬೇಕಾದರೂ ನೋಡಬಹುದು ಎಂದಿದೆಯೇ, ದಯವಿಟ್ಟು ನೋಡಿ’ ಎಂದರೆ ಅವರೇ ಸರಿಪಡಿಸುತ್ತಾರೆ. ‘ಫೈಲ್ 60 ಎಂಬಿಗಿಂತ ದೊಡ್ಡದಿದೆ’, ‘ಆ ತಾಣ ಎರಡು ನಿಮಿಷವಾದರೂ ಪೂರ್ತಿ ಕಳುಹಿಸಲಿಲ್ಲ’ ಎಂಬಂತಹ ಮಾತುಗಳೂ ಹೀಗೆಯೇ ನೇರವಾಗಿರಲಿ. ಒಂದೇ ಕಡೆ ಬಾಯಿ ಕಟ್ಟಬೇಕು: ಮೂರನೆಯ ಹೆಜ್ಜೆಯಲ್ಲಿ ತಡೆದ ಎಲ್ಲ ವಿಳಾಸಗಳಿಗೂ ಸಂಪರ್ಕವೇ ಆಗದ ವಿಳಾಸಗಳಿಗೂ ‘ಈ ಕೊಂಡಿಯಿಂದ ಫೈಲ್ ತರಲಾಗದು’ ಎಂಬ ಒಂದೇ ಉತ್ತರ ಕೊಡಿ. ‘ಸಂಪರ್ಕ ನಿರಾಕರಿಸಲಾಯಿತು’ ಎಂದೊಮ್ಮೆ, ‘ಸಮಯ ಮೀರಿತು’ ಎಂದೊಮ್ಮೆ ಹೇಳಿದರೆ, ಆ ವ್ಯತ್ಯಾಸದಿಂದಲೇ ನಿಮ್ಮ ಒಳಜಾಲದಲ್ಲಿ ಯಾವ ಪೋರ್ಟ್ ತೆರೆದಿದೆಯೆಂದು ಪತ್ತೆ ಮಾಡಬಹುದು. ನಿಜವಾದ ಕಾರಣವನ್ನು ನಿಮ್ಮ ಲಾಗ್‌ನಲ್ಲಿ ಬರೆದುಕೊಳ್ಳಿ.

ಬಿಡುಗಡೆಗೆ ಮುನ್ನ

ಪರೀಕ್ಷೆಗೆಂದೇ ಒಂದು ಚಿಕ್ಕ ಸರ್ವರ್ ಬರೆದುಕೊಳ್ಳಿ. ಅರ್ಧ ದಿನದ ಕೆಲಸ. ಅದು ಒಂದು ವಿಳಾಸದಲ್ಲಿ ಕೊನೆಯಿಲ್ಲದಂತೆ ಬೈಟ್‌ಗಳನ್ನು ಕಳುಹಿಸಲಿ, ಇನ್ನೊಂದರಲ್ಲಿ 20 ಸೆಕೆಂಡಿಗೊಂದು ಬೈಟ್ ಕೊಡಲಿ, ಮತ್ತೊಂದರಲ್ಲಿ ತನಗೇ ಮರುನಿರ್ದೇಶಿಸುತ್ತ ಸುತ್ತಿಸಲಿ, ಮಗದೊಂದರಲ್ಲಿ ಎಚ್‌ಟಿಎಂಎಲ್ ಪುಟವನ್ನು ಜೆಪೆಗ್ ಎಂಬ ಹೆಸರಿನಲ್ಲಿ ಕೊಡಲಿ. 90 ಸಂಕೇತಗಳಷ್ಟು ಉದ್ದದ ಕನ್ನಡ ಹೆಸರಿನ ಫೈಲೊಂದಿರಲಿ. ಪ್ರತಿ ಪರೀಕ್ಷೆಯ ನಂತರ ತಾತ್ಕಾಲಿಕ ಫೋಲ್ಡರ್ ಖಾಲಿಯಾಗಿದೆಯೇ ಎಂದೂ ನೋಡಿ. ವಿಫಲವಾದ ಇಳಿಕೆಗಳ ಅವಶೇಷಗಳೇ ಡಿಸ್ಕನ್ನು ತುಂಬಿಸುತ್ತವೆ. 169.254.169.254ಕ್ಕೆ ಕಳುಹಿಸುವ 302ರ ಪರೀಕ್ಷೆಯನ್ನು ಕೈಯಿಂದ ಒಮ್ಮೆ ಮಾಡಿ ಬಿಡದೆ, ಕೋಡ್ ಬದಲಾದಾಗಲೆಲ್ಲ ತಾನಾಗಿ ಓಡುವ ಪರೀಕ್ಷೆಗಳ ಜೊತೆ ಸೇರಿಸಿ. ಮುಂದೆ ಬೇರೆಯವರು ಬಂದು ಲೈಬ್ರರಿಯನ್ನು ಬದಲಾಯಿಸಿ, ಮರುನಿರ್ದೇಶನವನ್ನು ತಾನಾಗಿ ಹಿಂಬಾಲಿಸುವ ಆಯ್ಕೆ ಸದ್ದಿಲ್ಲದೆ ತೆರೆದುಕೊಂಡಾಗ, ಅದನ್ನು ಮೊದಲು ಕಾಣುವುದು ಆ ಪರೀಕ್ಷೆಯೇ ಆಗಿರಬೇಕು.